ಮೂಗು, ಗಂಟಲು, ದನಿ: ಕಾಯುವುದೋ, ಔಷಧಿಯೋ, ಕತ್ತರಿಯೋ?

ಹನ್ನೊಂದು ತಿಂಗಳು ನನ್ನ ದಿಂಬಿನ ಪಕ್ಕದಲ್ಲಿ ಹೆಬ್ಬೆರಳುದ್ದದ ಒಂದು ಬಾಟಲಿ ಇರುತ್ತಿತ್ತು. ಮೂಗು ಕಟ್ಟಿದಾಗ ಎರಡು ಹನಿ ಬಿಟ್ಟರೆ ಐದು ನಿಮಿಷದೊಳಗೆ ಉಸಿರು ಸಲೀಸು. ಮೊದಲು ರಾತ್ರಿಗೊಮ್ಮೆ, ಆಮೇಲೆ ಬೆಳಿಗ್ಗೆ ರಾತ್ರಿ, ಕೊನೆಕೊನೆಗೆ ಎರಡು ಪೀರಿಯಡ್ಡುಗಳ ನಡುವೆ ಶಾಲೆಯ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿಕೊಂಡು. ನೆಗಡಿ ಯಾವಾಗಲೋ ಹೋಗಿತ್ತು, ಹನಿ ಮಾತ್ರ ಹೋಗಿರಲಿಲ್ಲ. ಕಡೆಗೊಮ್ಮೆ ತೋರಿಸಿದಾಗ ಇಎನ್‌ಟಿ ಡಾಕ್ಟರು ಮೂಗಿನೊಳಗೆ ಬೆಳಕು ಬಿಟ್ಟು ನೋಡಿ, "ಈಗ ನಿಮ್ಮ ಮೂಗು ಕಟ್ಟಿಸ್ತಾ ಇರೋದು ಈ ಬಾಟಲಿನೇ" ಅಂದರು.

ಹನಿ ಕೊಟ್ಟವರದು ತಪ್ಪಿಲ್ಲ. ಮೂರು ದಿನಕ್ಕೆ ಅದು ಒಳ್ಳೆಯ ಔಷಧಿಯೇ. ನಾನು ಮೂರು ದಿನದ ಔಷಧಿಯನ್ನು ಮುನ್ನೂರು ದಿನ ಹಾಕಿಕೊಂಡಿದ್ದೆ, ಅಷ್ಟೆ. ಮೂಗು, ಗಂಟಲು, ಧ್ವನಿಪೆಟ್ಟಿಗೆಯ ಸಾಮಾನ್ಯ ಕಾಯಿಲೆಗಳಲ್ಲಿ ನಾವು ಎಡವುವುದು ಹೆಚ್ಚಾಗಿ ಇಲ್ಲಿಯೇ. ಔಷಧಿಗೆ ಬರವಿಲ್ಲ, ಯಾವುದಕ್ಕೆ ಯಾವುದು, ಎಷ್ಟು ದಿನ ಎಂಬುದು ಗೊತ್ತಿರುವುದಿಲ್ಲ. ನಾನು ಡಾಕ್ಟರಲ್ಲ. ಇಪ್ಪತ್ತು ವರ್ಷ ಪಾಠ ಮಾಡಿ ಮೂಗನ್ನೂ ದನಿಯನ್ನೂ ಕೆಡಿಸಿಕೊಂಡು, ಆಮೇಲೆ ಓದಿ, ಕೇಳಿ, ತಕ್ಕಮಟ್ಟಿಗೆ ರಿಪೇರಿ ಮಾಡಿಕೊಂಡ ಮೇಷ್ಟ್ರು. ಈ ಬರಹದಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಎಷ್ಟು ದಿನವಾಯಿತು? ಒಂದೇ ಕಡೆಯೋ, ಎರಡೂ ಕಡೆಯೋ? ಇವೆರಡಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ತಾನಾಗಿ ಆಗಿಹೋಗುತ್ತದೆ.

ಸೋರುವ ಮೂಗು, ಕಟ್ಟುವ ಮೂಗು

ನೆಗಡಿ ಯಾವುದು, ಅಲರ್ಜಿ ಯಾವುದು, ಸೈನಸ್ ಯಾವುದು ಎಂದು ಮೊದಲು ಬೇರೆ ಮಾಡಿಕೊಳ್ಳಬೇಕು. ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು, ಅವುಗಳಲ್ಲಿ ರೈನೊವೈರಸ್‌ನದೇ ದೊಡ್ಡ ಪಾಲು. ಗಂಟಲು ಕೆರೆತದಿಂದ ಶುರುವಾಗಿ, ಎರಡು ಮೂರನೇ ದಿನ ಜೋರಾಗಿ, 7ರಿಂದ 10 ದಿನದಲ್ಲಿ ಇಳಿಯುತ್ತದೆ. ಕೆಮ್ಮು ಮಾತ್ರ ಇನ್ನೂ ಒಂದೆರಡು ವಾರ ಬಾಲದಂತೆ ಉಳಿಯಬಹುದು. ಅಲರ್ಜಿಗೆ ಹೀಗೆ ಏರಿಳಿತದ ಲೆಕ್ಕವಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಒಂದರ ಹಿಂದೆ ಒಂದು ಹತ್ತು ಸೀನು, ಮೂಗಿನೊಳಗೆ ತುರಿಕೆ, ಕಣ್ಣಲ್ಲಿ ನೀರು, ನಲ್ಲಿಯಂತೆ ಸೋರುವ ತಿಳಿನೀರು. ಜ್ವರ ಇರುವುದಿಲ್ಲ, ಮೈಕೈ ನೋವಿರುವುದಿಲ್ಲ, ಆದರೆ ವಾರಗಟ್ಟಲೆ ಬಿಡುವುದಿಲ್ಲ. ನನ್ನ ಅನುಭವದಲ್ಲಿ ತುರಿಕೆಯೇ ದೊಡ್ಡ ಸುಳಿವು. ನೆಗಡಿಯಲ್ಲಿ ಮೂಗು ಉರಿಯುತ್ತದೆ, ಅಲರ್ಜಿಯಲ್ಲಿ ತುರಿಸುತ್ತದೆ.

ಸೈನಸ್ ಎಂಬ ಮಾತನ್ನು ನಾವು ಎಲ್ಲ ತಲೆನೋವಿಗೂ ಅಂಟಿಸಿಬಿಟ್ಟಿದ್ದೇವೆ. ನೆಗಡಿ ಬಂದಾಗ ಮೂಗಿನ ಸುತ್ತಲ ಮೂಳೆಗಳಲ್ಲಿರುವ ಸೈನಸ್ ಎಂಬ ಟೊಳ್ಳುಗಳ ಒಳಪದರವೂ ಸ್ವಲ್ಪ ಊದಿಕೊಳ್ಳುತ್ತದೆ, ಅದು ನೆಗಡಿಯ ಭಾಗವೇ. ಅದರ ಮೇಲೆ ಬ್ಯಾಕ್ಟೀರಿಯಾ ಕೂತು ನಿಜವಾದ ಸೋಂಕಾಗುವುದು ನೂರು ನೆಗಡಿಗಳಲ್ಲಿ ಒಂದೋ ಎರಡೋ. ಹಾಗೆ ಆಗಿದೆ ಎಂದು ಅನುಮಾನಿಸಲು ಸಿಂಬಳದ ಬಣ್ಣ ನೋಡಿದರೆ ಸಾಲದು. ಹಳದಿ, ಹಸಿರು ಬಣ್ಣ ಬರುವುದು ನಮ್ಮದೇ ಬಿಳಿ ರಕ್ತಕಣಗಳಲ್ಲಿರುವ ಕಿಣ್ವದಿಂದ, ವೈರಸ್ ನೆಗಡಿಯಲ್ಲೂ ನಾಲ್ಕನೇ ದಿನಕ್ಕೆ ಸಿಂಬಳ ಹಸಿರಾಗಬಹುದು. ನೋಡಬೇಕಾದ್ದು ಕ್ಯಾಲೆಂಡರು. ಹತ್ತು ದಿನ ಕಳೆದರೂ ಒಂದಿಷ್ಟೂ ಇಳಿಯದಿದ್ದರೆ, ಅಥವಾ ಐದಾರು ದಿನಕ್ಕೆ ಹುಷಾರಾದಂತಾಗಿ ಮತ್ತೆ ಜ್ವರ, ಕೆನ್ನೆನೋವು ಮರುಕಳಿಸಿದರೆ, ಅಥವಾ ಮೊದಲ ದಿನದಿಂದಲೇ 102 ಡಿಗ್ರಿ ಜ್ವರದ ಜೊತೆ ಕೀವಿನಂಥ ಸ್ರಾವ, ಮುಖನೋವು ಮೂರು ನಾಲ್ಕು ದಿನ ಬಿಡದಿದ್ದರೆ, ಆಂಟಿಬಯೊಟಿಕ್ ಮಾತು ಆಗ ಬರಬೇಕು. ಮೂರನೇ ದಿನಕ್ಕೇ ಆಂಟಿಬಯೊಟಿಕ್ ನುಂಗಿ "ನೋಡಿ, ಏಳನೇ ದಿನಕ್ಕೆ ಗುಣವಾಯಿತು" ಎನ್ನುವವರು ನೆಗಡಿಯ ಕೆಲಸದ ಶ್ರೇಯಸ್ಸನ್ನು ಮಾತ್ರೆಗೆ ಕೊಡುತ್ತಿದ್ದಾರೆ.

ಇನ್ನು ಅಂಗಡಿಯಲ್ಲಿ ಕಾಣುವ ಬಾಟಲಿ, ಪಟ್ಟಿಗಳ ವಿಚಾರ.

ಉಪ್ಪುನೀರಿನಲ್ಲಿ ಮೂಗು ತೊಳೆಯುವುದು ಸರಳ, ಆದರೆ ಹೆಚ್ಚಿನವರು ಕಡೆಗಣಿಸುವ ಉಪಾಯ. ನೆಗಡಿ, ಅಲರ್ಜಿ, ಹಳೆಯ ಸೈನಸ್ ಮೂರರಲ್ಲೂ ಎಷ್ಟೋ ಹಗುರವಾಗುತ್ತದೆ, ಎಷ್ಟು ದಿನವಾದರೂ ಮಾಡಬಹುದು. ಇಲ್ಲಿ ಒಂದೇ ಕಟ್ಟುನಿಟ್ಟು: ನೀರು ಕುದಿಸಿ ಆರಿಸಿದ್ದೋ, ಡಿಸ್ಟಿಲ್ಡ್ ನೀರೋ ಆಗಿರಬೇಕು. ನಲ್ಲಿಯಿಂದ ನೇರ ಹಿಡಿದ ನೀರಿನಲ್ಲಿ ನೇಗ್ಲೇರಿಯಾ ಎಂಬ ಅಮೀಬಾ ಇರುವ ಸಾಧ್ಯತೆ ಬಹಳ ಕಡಿಮೆ. ಆದರೆ ಮೂಗಿನ ಮೂಲಕ ಅದು ಮಿದುಳಿಗೆ ಹೋದರೆ ಬದುಕುಳಿಯುವವರು ತೀರಾ ವಿರಳ. ಕುಡಿದರೆ ಏನೂ ಮಾಡದ ಜೀವಿ ಮೂಗಿಗೆ ಹೋದಾಗ ಕೊಲ್ಲುತ್ತದೆ. ಒಂದು ನಿಮಿಷ ಕುದಿಸದ ಸೋಮಾರಿತನಕ್ಕೆ ಇದು ತುಂಬಾ ದುಬಾರಿ.

ಮೂಗು ಬಿಡಿಸುವ ಹನಿ, ಅಂದರೆ ಆಕ್ಸಿಮೆಟಾಜೊಲಿನ್, ಝೈಲೊಮೆಟಾಜೊಲಿನ್. ಇವು ರಕ್ತನಾಳಗಳನ್ನು ಬಿಗಿಯುತ್ತವೆ, ಅದಕ್ಕೇ ಅಷ್ಟು ಬೇಗ ಪರಿಣಾಮ. ಮೂರರಿಂದ ಐದು ದಿನ ದಾಟಿದರೆ ಔಷಧಿಯ ಕಟ್ಟು ಬಿಟ್ಟೊಡನೆ ನಾಳಗಳು ಮೊದಲಿಗಿಂತ ಹೆಚ್ಚು ಊದಿಕೊಂಡು ಮತ್ತೆ ಹನಿ ಬೇಡುತ್ತವೆ. ನನ್ನದು ಇದೇ ಕಥೆ. ಬಿಡಿಸಿದ ರೀತಿಯೂ ಹೇಳುತ್ತೇನೆ. ಸ್ಟಿರಾಯ್ಡ್ ಸ್ಪ್ರೇ ಶುರು ಮಾಡಿಸಿ, ಮೊದಲು ಬಲಹೊಳ್ಳೆಗೆ ಮಾತ್ರ ಹನಿ ನಿಲ್ಲಿಸಲು ಹೇಳಿದರು. ಎಡಹೊಳ್ಳೆಯಲ್ಲಿ ಉಸಿರಾಡಿಕೊಂಡು ನಿದ್ದೆ ಮಾಡಿದೆ. ಹತ್ತು ದಿನಕ್ಕೆ ಬಲಹೊಳ್ಳೆ ಬಿಟ್ಟಿತು. ಆಮೇಲೆ ಎಡದ ಸರದಿ. ಮೊದಲ ನಾಲ್ಕು ರಾತ್ರಿ ಬಾಯಿ ಒಣಗಿ ಎದ್ದದ್ದು ಬಿಟ್ಟರೆ ಅಂಥ ಯುದ್ಧವೇನೂ ಆಗಲಿಲ್ಲ.

ನೆಗಡಿ ಮಾತ್ರೆಗಳಲ್ಲಿ ಮೂಗು ಬಿಡಿಸಲೆಂದು ಸೇರಿಸುವ ಫಿನೈಲೆಫ್ರಿನ್ ಬಗ್ಗೆ ಒಂದು ಮಾತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ತಜ್ಞರ ಸಮಿತಿ 2023ರಲ್ಲಿ, ಬಾಯಿಯಿಂದ ನುಂಗಿದ ಫಿನೈಲೆಫ್ರಿನ್ ಮೂಗು ಕಟ್ಟಿದ್ದನ್ನು ಬಿಡಿಸುವುದಿಲ್ಲ ಎಂದು ಒಮ್ಮತದಿಂದ ಹೇಳಿತು. 2024ರಲ್ಲಿ ಅದನ್ನು ಚೀಟಿಯಿಲ್ಲದೆ ಮಾರುವ ಔಷಧಿಗಳ ಪಟ್ಟಿಯಿಂದ ತೆಗೆಯುವ ಪ್ರಸ್ತಾವವೂ ಬಂತು. ಆ ಮಾತ್ರೆಯಿಂದ ಹಗುರಾದಂತೆ ಅನ್ನಿಸುವುದು ಅದರೊಳಗಿನ ಪ್ಯಾರಾಸಿಟಮಾಲ್‌ನಿಂದಲೋ, ನಿದ್ದೆ ಬರಿಸುವ ಕ್ಲೋರ್‌ಫೆನಿರಮಿನ್‌ನಿಂದಲೋ ಇರಬೇಕು.

ಅಲರ್ಜಿಗೆ ಬಂದರೆ ಪೈಪೋಟಿ ಇಬ್ಬರ ನಡುವೆ: ಸೆಟ್ರಿಜಿನ್ ಜಾತಿಯ ಮಾತ್ರೆ, ಫ್ಲುಟಿಕಾಸೋನ್ ಅಥವಾ ಮೊಮೆಟಾಸೋನ್ ಜಾತಿಯ ಸ್ಟಿರಾಯ್ಡ್ ಸ್ಪ್ರೇ. ಮಾತ್ರೆ ಗಂಟೆಯೊಳಗೆ ಸೀನು, ತುರಿಕೆ ನಿಲ್ಲಿಸುತ್ತದೆ, ಆದರೆ ಕಟ್ಟಿದ ಮೂಗಿನ ಮುಂದೆ ಸೋಲುತ್ತದೆ. ಅಪರೂಪಕ್ಕೊಮ್ಮೆ ಬರುವ ಅಲರ್ಜಿಗೆ ಅದು ಸಾಕು. (ಸೆಟ್ರಿಜಿನ್‌ನಿಂದ ಕೆಲವರಿಗೆ ತೂಕಡಿಕೆ ಬರುತ್ತದೆ, ಫೆಕ್ಸೊಫೆನಡಿನ್‌ನಲ್ಲಿ ಅದು ಕಡಿಮೆ.) ದಿನವೂ ಕಾಡುವ ಅಲರ್ಜಿಗೆ, ಅದರಲ್ಲೂ ಮೂಗು ಕಟ್ಟುವುದೇ ಮುಖ್ಯ ತೊಂದರೆಯಾದವರಿಗೆ ಸ್ಪ್ರೇಯೇ ಮೇಲು, ಇದರಲ್ಲಿ ನನಗೆ ಅನುಮಾನವಿಲ್ಲ. ಸ್ಟಿರಾಯ್ಡ್ ಎಂಬ ಹೆಸರಿಗೆ ಹೆದರುವವರು ಬಹಳ. ಮೂಗಿಗೆ ಹೊಡೆಯುವ ಪ್ರಮಾಣ ಮೈಕ್ರೊಗ್ರಾಂಗಳಲ್ಲಿ, ಅದರಲ್ಲೂ ಈ ಎರಡರಲ್ಲಿ ರಕ್ತಕ್ಕೆ ಸೇರುವುದು ಅತಿ ಕಡಿಮೆ. ಜನ ಸ್ಪ್ರೇ ಬಿಟ್ಟುಬಿಡುವುದು ಬೇರೆ ಎರಡು ಕಾರಣಕ್ಕೆ. ಒಂದು, ಹನಿಯಂತೆ ತಕ್ಷಣ ಕೆಲಸ ಮಾಡಬೇಕೆಂಬ ನಿರೀಕ್ಷೆ. ಇದು ಪೂರ್ತಿ ಹಿಡಿಯಲು ಒಂದೆರಡು ವಾರ ಬೇಕು. ಇನ್ನೊಂದು, ಹೊಡೆಯುವ ಕೈ. ಬಲಗೈಯಲ್ಲಿ ಬಾಟಲಿ ಹಿಡಿದು ಬಲಹೊಳ್ಳೆಗೆ ಹೊಡೆದರೆ ಮೊನೆ ನಡುಗೋಡೆಯ ಕಡೆ ತಿರುಗುತ್ತದೆ, ವಾರದಲ್ಲಿ ರಕ್ತ ಕಾಣಿಸುತ್ತದೆ. ಬಲಹೊಳ್ಳೆಗೆ ಎಡಗೈ, ಎಡಹೊಳ್ಳೆಗೆ ಬಲಗೈ. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಮೊನೆಯನ್ನು ಅದೇ ಬದಿಯ ಕಿವಿಯ ಕಡೆಗೆ ತಿರುಗಿಸಿ, ಮೆಲ್ಲಗೆ ಉಸಿರೆಳೆಯಿರಿ. ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಇಳಿದು ಕಹಿಯಾಗುತ್ತದೆ, ಮೂಗಿಗೆ ಏನೂ ಉಳಿಯುವುದಿಲ್ಲ.

ಹಬೆ ತೆಗೆದುಕೊಳ್ಳುವುದು ಹಿತವೆನಿಸುತ್ತದೆ, ಬೇಗ ಗುಣಪಡಿಸುತ್ತದೆ ಎನ್ನಲು ಪುರಾವೆ ಸಿಕ್ಕಿಲ್ಲ. ದೊಡ್ಡವರು ಹಿತಕ್ಕಾಗಿ ತೆಗೆದುಕೊಳ್ಳಲಿ. ಮಕ್ಕಳ ಮುಂದೆ ಕುದಿನೀರಿನ ಪಾತ್ರೆ ಇಡುವುದು ಮಾತ್ರ ಬೇಡ, ಸುಟ್ಟುಕೊಂಡು ಆಸ್ಪತ್ರೆ ಸೇರುವ ಮಕ್ಕಳಿದ್ದಾರೆ.

ಒಂದೇ ಹೊಳ್ಳೆಯ ಲೆಕ್ಕ ಬೇರೆ

ಇಷ್ಟು ಹೇಳಿದ್ದೆಲ್ಲ ಎರಡೂ ಹೊಳ್ಳೆಯ ತೊಂದರೆಗೆ. ಕಟ್ಟುವ ಹೊಳ್ಳೆ ಗಂಟೆಗಂಟೆಗೆ ಬದಲಾಗುತ್ತಿದ್ದರೆ ಗಾಬರಿ ಬೇಡ, ಎಲ್ಲರ ಮೂಗೂ ಸರದಿಯ ಮೇಲೆ ಒಂದು ಕಡೆ ಬಿಗಿದು ಇನ್ನೊಂದು ಕಡೆ ಸಡಿಲವಾಗುತ್ತದೆ. ಆದರೆ ತಿಂಗಳಾನುಗಟ್ಟಲೆ ಒಂದೇ ಹೊಳ್ಳೆ ಕಟ್ಟಿದ್ದರೆ, ಒಂದೇ ಹೊಳ್ಳೆಯಿಂದ ಪದೇ ಪದೇ ರಕ್ತ ಬರುತ್ತಿದ್ದರೆ, ಸ್ಪ್ರೇ ಬದಲಾಯಿಸುತ್ತ ಕೂರಬೇಡಿ, ಒಳಗೆ ಕ್ಯಾಮೆರಾ ಇಟ್ಟು ನೋಡಿಸಿ. ದುರ್ಮಾಂಸ ಸಾಮಾನ್ಯವಾಗಿ ಎರಡೂ ಕಡೆ ಬೆಳೆಯುತ್ತದೆ, ಮೂಗು ಕಟ್ಟುವುದರ ಜೊತೆ ವಾಸನೆಯನ್ನೂ ಕಸಿಯುತ್ತದೆ. ಒಂದೇ ಕಡೆ ಬೆಳೆದದ್ದನ್ನು ಬರೀ ದುರ್ಮಾಂಸ ಎಂದು ಬಿಡುವಂತಿಲ್ಲ, ಗೆಡ್ಡೆ ಅಲ್ಲವೆಂದು ಖಾತ್ರಿಯಾಗಬೇಕು. ಪುಟ್ಟ ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬಂದರೆ ಒಳಗೆ ಮಣಿಯೋ ಕಾಳೋ ಕೂತಿದೆ ಎಂದೇ ಮೊದಲು ಅನುಮಾನಿಸಬೇಕು. ಅದು ಗುಂಡಿಯಾಕಾರದ ಬ್ಯಾಟರಿಯಾದರೆ ಕೆಲವೇ ಗಂಟೆಗಳಲ್ಲಿ ಒಳಗೋಡೆ ಸುಟ್ಟುಹೋಗುತ್ತದೆ, ನಾಳೆ ನೋಡೋಣ ಎನ್ನುವ ಹಾಗಿಲ್ಲ.

ಕನ್ನಡಿ, ಟಾರ್ಚು ಹಿಡಿದು ತಾವೇ ನೋಡಿಕೊಂಡು "ಮಾಂಸ ಬೆಳೆದಿದೆ" ಎಂದು ಗಾಬರಿಯಾಗುವವರೂ ಇದ್ದಾರೆ. ಪಕ್ಕದ ಗೋಡೆಯಲ್ಲಿ ಕೆಂಪಗೆ ಉಬ್ಬಿ ಕಾಣುವುದು ಟರ್ಬಿನೇಟ್, ಎಲ್ಲರಿಗೂ ಇರುವ ಅಂಗ. ಮುಟ್ಟಿದರೆ ನೋಯುತ್ತದೆ. ದುರ್ಮಾಂಸ ಸಿಪ್ಪೆ ತೆಗೆದ ದ್ರಾಕ್ಷಿಯಂತೆ ಮಸುಕಾಗಿ ಹೊಳೆಯುತ್ತದೆ, ಮುಟ್ಟಿದರೆ ನೋಯುವುದಿಲ್ಲ.

ಮೂಗಿನ ನಡುಗೋಡೆ ಸೊಟ್ಟಗಿರುವುದೂ ಬಹಳ ಸಾಮಾನ್ಯ, ಅದೊಂದೇ ಕಾರಣಕ್ಕೆ ಕತ್ತರಿ ಬೇಕಿಲ್ಲ. ಆದರೆ ನಿಜಕ್ಕೂ ಉಸಿರಾಟಕ್ಕೆ ಅಡ್ಡಿಯಾಗಿದ್ದರೆ ಸ್ಪ್ರೇಗಿಂತ ಆಪರೇಷನ್ ಮೇಲು ಎನ್ನಲು ಈಗ ಗಟ್ಟಿ ಆಧಾರವಿದೆ. ಬ್ರಿಟನ್ನಿನಲ್ಲಿ 378 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ನೈರೋಸ್ ಪ್ರಯೋಗದಲ್ಲಿ, ಆರು ತಿಂಗಳ ನಂತರ ತೊಂದರೆಯ ಅಂಕ ಆಪರೇಷನ್ ಗುಂಪಿನಲ್ಲಿ ಸರಾಸರಿ 20ರ ಆಸುಪಾಸು, ಸ್ಪ್ರೇ ಗುಂಪಿನಲ್ಲಿ 40ರ ಆಸುಪಾಸು ಇತ್ತು. ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ದುರ್ಮಾಂಸದ ಆಪರೇಷನ್ನಿನ ಕಥೆ ಬೇರೆ: ತೆಗೆದ ಮೇಲೂ ಸ್ಪ್ರೇ, ತೊಳೆಯುವುದು ಮುಂದುವರಿಯಲೇಬೇಕು, ಇಲ್ಲದಿದ್ದರೆ ಮತ್ತೆ ಬೆಳೆಯುತ್ತದೆ. ಅಲರ್ಜಿಯ ಮೂಗಿಗೆ ನಡುಗೋಡೆ ನೆಟ್ಟಗೆ ಮಾಡಿಸಿಕೊಂಡು ಸೀನು ನಿಲ್ಲಲಿಲ್ಲ ಎಂದು ಕೊರಗುವವರನ್ನು ನಾನು ಕಂಡಿದ್ದೇನೆ. ಗೋಡೆ ಸರಿಯಾಯಿತು, ಸೀನಿಗೆ ಕಾರಣ ಗೋಡೆಯಾಗಿರಲಿಲ್ಲ.

ಗಂಟಲು: ಕೆಮ್ಮು ಇದೆಯೋ, ಇಲ್ಲವೋ

ಗಂಟಲುನೋವಿನಲ್ಲಿ ಆಯ್ಕೆ ಒಂದೇ ಪ್ರಶ್ನೆಯ ಸುತ್ತ: ಆಂಟಿಬಯೊಟಿಕ್ ಬೇಕೋ ಬೇಡವೋ. ಬಹುಪಾಲು ಗಂಟಲುನೋವು ವೈರಸ್‌ನದು, ವಾರದೊಳಗೆ ತಾನಾಗಿ ಹೋಗುತ್ತದೆ. ಆಂಟಿಬಯೊಟಿಕ್ ಬೇಡುವ ಮುಖ್ಯ ಆರೋಪಿ ಗುಂಪು ಎ ಸ್ಟ್ರೆಪ್ಟೊಕಾಕಸ್ (ಸ್ಟ್ರೆಪ್) ಎಂಬ ಬ್ಯಾಕ್ಟೀರಿಯಾ. ಗಂಟಲುನೋವೆಂದು ಬರುವ ದೊಡ್ಡವರಲ್ಲಿ ಅದರ ಪಾಲು ನೂರಕ್ಕೆ 5ರಿಂದ 15, ಮಕ್ಕಳಲ್ಲಿ 20ರಿಂದ 30. ಇದನ್ನು ಕಂಡುಹಿಡಿಯಲು 1981ರಲ್ಲಿ ರಾಬರ್ಟ್ ಸೆಂಟರ್ ಎಂಬ ವೈದ್ಯರು ಮತ್ತು ಸಂಗಡಿಗರು ಮಾಡಿದ ಪಟ್ಟಿ ಇವತ್ತಿಗೂ ಉಪಯೋಗಕ್ಕಿದೆ. ಜ್ವರ ಇದೆಯೇ, ಟಾನ್ಸಿಲ್ ಮೇಲೆ ಬಿಳಿ ಕೀವು ಇದೆಯೇ, ದವಡೆಯ ಕೆಳಗೆ ಕತ್ತಿನ ಮುಂಭಾಗದ ಗಂಟುಗಳು ಊದಿ ನೋಯುತ್ತಿವೆಯೇ, ಕೆಮ್ಮು ಇಲ್ಲವೇ? ಒಂದೊಂದಕ್ಕೆ ಒಂದೊಂದು ಅಂಕ. ನನಗೆ ಇಷ್ಟವಾಗುವುದು ನಾಲ್ಕನೆಯದು, ಇಲ್ಲದ ಲಕ್ಷಣಕ್ಕೆ ಅಂಕ! ಕೆಮ್ಮು, ಸೋರುವ ಮೂಗು, ಒಡೆದ ದನಿ ಮೂರೂ ಇದ್ದರೆ ಅದು ವೈರಸ್ ಎಂದೇ ಇಟ್ಟುಕೊಳ್ಳಬಹುದು.

ಸೊನ್ನೆಯೋ ಒಂದೋ ಅಂಕ ಬಂದರೆ ಪರೀಕ್ಷೆಯೂ ಬೇಡ, ಮಾತ್ರೆಯೂ ಬೇಡ. ಅದಕ್ಕಿಂತ ಹೆಚ್ಚಾದರೆ ಗಂಟಲಿನಿಂದ ಹತ್ತಿಕಡ್ಡಿಯಲ್ಲಿ ಒರೆಸಿ ಪರೀಕ್ಷೆ. ನಾಲ್ಕಕ್ಕೆ ನಾಲ್ಕು ಬಂದರೂ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಸ್ಟ್ರೆಪ್ ಸಿಗುತ್ತದೆ, ಹಾಗಾಗಿ ಕಣ್ಣಳತೆಯಲ್ಲಿ ಮಾತ್ರೆ ಬರೆಯುವುದಕ್ಕಿಂತ ಪರೀಕ್ಷೆಯೇ ನ್ಯಾಯ. ಫಲಿತಾಂಶಕ್ಕೆ ಎರಡು ದಿನ ಕಾದರೆ ಅಪಾಯವೇ ಎಂದು ಕೇಳುತ್ತಾರೆ. ಸ್ಟ್ರೆಪ್‌ಗೆ ನಾವು ಹೆದರುವುದು ಅದರ ಬೆನ್ನಿಗೆ ಬಂದು ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರಕ್ಕೆ. ಗಂಟಲುನೋವು ಶುರುವಾದ 9 ದಿನದೊಳಗೆ ಪೆನಿಸಿಲಿನ್ ಆರಂಭಿಸಿದರೂ ಅದನ್ನು ತಡೆಯಬಹುದು. ಸಮಯವಿದೆ. ಆದರೆ ಶುರು ಮಾಡಿದ ಮೇಲೆ ಡಾಕ್ಟರು ಹೇಳಿದಷ್ಟು ದಿನ, ಪೆನಿಸಿಲಿನ್‌ಗೆ ಸಾಮಾನ್ಯವಾಗಿ 10 ದಿನ, ಮುಗಿಸಬೇಕು. ಮೂರನೇ ದಿನಕ್ಕೆ ನೋವು ಹೋಯಿತೆಂದು ಮಾತ್ರೆಯ ಪಟ್ಟಿಯನ್ನು ಡ್ರಾಯರಿಗೆ ಎಸೆದು, ಮುಂದಿನ ಗಂಟಲುನೋವಿಗೆ ಉಳಿದದ್ದನ್ನು ನುಂಗುವುದು ಎರಡು ಕಾಯಿಲೆಗೂ ಅನ್ಯಾಯ.

ನೋವಿಗೆ ಏನು ಎಂದರೆ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೇನ್. ಗಂಟಲುನೋವಿಗೆ ಐಬುಪ್ರೊಫೇನ್ ಒಂದು ಕೈ ಮೇಲು ಎನ್ನಬಹುದು, ಆದರೆ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ ಅದು ಬೇಡ. ಹದಿನಾರರೊಳಗಿನವರಿಗೆ ಆಸ್ಪಿರಿನ್ ಬೇಡವೇ ಬೇಡ. ಬಿಸಿ ಉಪ್ಪುನೀರು ಮುಕ್ಕಳಿಸುವುದು ಸ್ವಲ್ಪ ಹೊತ್ತು ಹಿತ ಕೊಡುತ್ತದೆ, ಅಷ್ಟು ಸಾಕು.

ಹದಿಹರೆಯದವರಲ್ಲಿ ಗಂಟಲು ಕೀವುಗಟ್ಟಿ, ಕತ್ತಿನ ಹಿಂಭಾಗದಲ್ಲೂ ಗಂಟುಗಳು ಬಂದು, ಹಾಸಿಗೆ ಬಿಟ್ಟು ಏಳಲಾರದ ಸುಸ್ತು ವಾರ ದಾಟಿದರೆ ಅದು ಎಪ್‌ಸ್ಟೀನ್-ಬಾರ್ ವೈರಸ್ಸಿನಿಂದ ಬರುವ ಮೋನೊ ಎಂಬ ಕಾಯಿಲೆ ಇರಬಹುದು. ಸ್ಟ್ರೆಪ್ ಎಂದುಕೊಂಡು ಅಮಾಕ್ಸಿಸಿಲಿನ್ ಕೊಟ್ಟರೆ ಇದರಲ್ಲಿ ಮೈತುಂಬ ಕೆಂಪು ಗಂಧೆ ಏಳುವುದುಂಟು. ಹೊಟ್ಟೆಯ ಎಡಗಡೆಯ ಗುಲ್ಮ (ಸ್ಪ್ಲೀನ್) ಊದಿರುವುದರಿಂದ, ಪೆಟ್ಟು ಬಿದ್ದು ಒಡೆಯದಿರಲೆಂದು, ಕೆಲವು ವಾರ ಮೈತಾಗುವ ಆಟವೂ ಬೇಡ.

ಮನೆಯಲ್ಲಿ ಕೂತು ಆಯ್ಕೆ ಮಾಡಬಾರದ ಗಂಟಲುಗಳೂ ಇವೆ. ನೋವು ಒಂದೇ ಕಡೆ ಬಲಿತು, ಬಾಯಿ ಎರಡು ಬೆರಳಗಲಕ್ಕಿಂತ ಹೆಚ್ಚು ತೆರೆಯಲಾಗದೆ, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರಂತೆ ಮಾತು ತೊದಲಿ, ಕಿರುನಾಲಿಗೆ ಪಕ್ಕಕ್ಕೆ ಸರಿದಿದ್ದರೆ ಟಾನ್ಸಿಲ್ ಪಕ್ಕದಲ್ಲಿ ಕೀವು ತುಂಬಿದೆ. ಅದನ್ನು ಸೂಜಿಯಿಂದಲೋ ಕೊಯ್ದೋ ಹೊರಹಾಕಬೇಕು, ಬರೀ ಮಾತ್ರೆ ಸಾಲದು. ಟಾನ್ಸಿಲ್ ಮೇಲೆ ಒರೆಸಿದರೆ ಬರದ, ಕೆರೆದರೆ ರಕ್ತ ಬರುವ ಬೂದು ಪೊರೆ ಕಂಡರೆ, ಅದರಲ್ಲೂ ಲಸಿಕೆ ಹಾಕಿಸದ ಮಗುವಾದರೆ, ಗಂಟಲಮಾರಿ (ಡಿಫ್ತೀರಿಯಾ). ಉಗುಳು ನುಂಗಲಾಗದೆ ಜೊಲ್ಲು ಸುರಿಸುತ್ತ, ಮುಂದಕ್ಕೆ ಬಾಗಿ ಕೂತು ಉಸಿರೆಳೆಯುತ್ತಿದ್ದರೆ ಶ್ವಾಸನಾಳದ ಮುಚ್ಚಳವೇ ಊದಿರಬಹುದು. ಅಂಥವರ ನಾಲಿಗೆ ಒತ್ತಿ ಟಾರ್ಚು ಬಿಡಲು ಹೋಗಬೇಡಿ, ಮಲಗಿಸಲೂ ಬೇಡಿ, ಕೂತ ಹಾಗೇ ಆಸ್ಪತ್ರೆಗೆ ಒಯ್ಯಿರಿ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1799ರ ಡಿಸೆಂಬರಿನಲ್ಲಿ ಸತ್ತದ್ದು ಇದರಿಂದಲೇ ಇರಬೇಕು ಎಂದು ಇಂದಿನ ಹಲವು ವೈದ್ಯರ ಊಹೆ. ಅಂದಿನ ವೈದ್ಯರು ಉಸಿರಿಗೆ ದಾರಿ ಮಾಡುವ ಬದಲು ಮತ್ತೆ ಮತ್ತೆ ರಕ್ತ ತೆಗೆದರು. ಕೊರಳಿಗೆ ತೂತು ಮಾಡೋಣ ಎಂದ ಕಿರಿಯ ವೈದ್ಯನ ಮಾತು ನಡೆಯಲಿಲ್ಲ.

ಟಾನ್ಸಿಲ್ ತೆಗೆಸಬೇಕೋ ಎಂಬುದಕ್ಕೂ ಎಣಿಕೆಯೇ ಉತ್ತರ. ಒಂದು ವರ್ಷದಲ್ಲಿ 7 ಸಲ, ಇಲ್ಲವೇ ಎರಡು ವರ್ಷ ಸತತ ವರ್ಷಕ್ಕೆ 5 ಸಲ, ಇಲ್ಲವೇ ಮೂರು ವರ್ಷ ಸತತ ವರ್ಷಕ್ಕೆ 3 ಸಲ, ಅದೂ ಜ್ವರ, ಕೀವು, ಗಂಟು ಇರುವ ನಿಜವಾದ ಸೋಂಕು, ಬರೆದಿಟ್ಟ ದಾಖಲೆಯೊಂದಿಗೆ. ಇದಕ್ಕಿಂತ ಕಡಿಮೆಯಿದ್ದರೆ ಕಾಯುವುದೇ ವಾಸಿ, ಮಕ್ಕಳಲ್ಲಿ ವಯಸ್ಸಾದಂತೆ ತಾನಾಗಿ ಕಡಿಮೆಯಾಗುತ್ತದೆ. ದೊಡ್ಡವರ ಬಗ್ಗೆ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟಿಷ್ ಪ್ರಯೋಗವೊಂದಿದೆ. 453 ಜನ, ಎರಡು ವರ್ಷ. ತೆಗೆಸಿದವರಿಗೆ ಗಂಟಲು ನೋಯ್ದದ್ದು ಸುಮಾರು 23 ದಿನ, ತೆಗೆಸದವರಿಗೆ 30 ದಿನ. ಲಾಭವಿದೆ, ಆದರೆ ಅದಕ್ಕೆ ಎರಡು ವಾರದ ಘೋರ ನೋವನ್ನೂ, ಐದರಲ್ಲಿ ಒಬ್ಬರಷ್ಟು ಜನರಿಗೆ ಆದ ರಕ್ತಸ್ರಾವವನ್ನೂ ತೂಗಿ ನೋಡಬೇಕು. ಆಪರೇಷನ್ ಆಗಿ ಐದರಿಂದ ಹತ್ತನೇ ದಿನದೊಳಗೆ, ಎಲ್ಲ ಸರಿಹೋಯಿತು ಅನ್ನಿಸುವ ಹೊತ್ತಿಗೆ, ರಕ್ತ ಬರಬಹುದು. ಬಂದರೆ ಸ್ವಲ್ಪವೇ ಇರಲಿ, ಆಸ್ಪತ್ರೆಗೆ ಹೋಗಬೇಕು. ಗೊರಕೆಯ ನಡುವೆ ಉಸಿರು ನಿಲ್ಲುವ ಮಗುವಿಗೆ ಮಾತ್ರ ಈ ಎಣಿಕೆ ಅನ್ವಯಿಸುವುದಿಲ್ಲ, ಅಲ್ಲಿ ಟಾನ್ಸಿಲ್ ತೆಗೆಯುವುದು ಉಸಿರಿಗಾಗಿ. ಒಂದೇ ಬದಿಯ ಟಾನ್ಸಿಲ್ ದೊಡ್ಡದಾಗುತ್ತ ಹೋದ ದೊಡ್ಡವರೂ ಎಣಿಸುತ್ತ ಕೂರದೆ ತೋರಿಸಬೇಕು.

ದನಿ ಕೂತಾಗ

ಧ್ವನಿಪೆಟ್ಟಿಗೆಯ ಎರಡು ಸ್ವರತಂತುಗಳು ಮಾತಾಡುವಾಗ ಗಂಡಸರಲ್ಲಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ, ಹೆಂಗಸರಲ್ಲಿ ಇನ್ನೂರರಷ್ಟು ಸಲ ಒಂದಕ್ಕೊಂದು ತಾಗುತ್ತವೆ. ನೆಗಡಿಯ ಬೆನ್ನಿಗೆ ಅವು ಊದಿದರೆ ದನಿ ಕೂರುತ್ತದೆ. ಇದಕ್ಕೆ ಆಂಟಿಬಯೊಟಿಕ್ ಏನೂ ಮಾಡುವುದಿಲ್ಲ. ನೀರು ಕುಡಿದು, ಮಾತು ಕಡಿಮೆ ಮಾಡಿದರೆ ಒಂದೆರಡು ವಾರದಲ್ಲಿ ಬರುತ್ತದೆ. ಮಾತು ಕಡಿಮೆ ಎಂದರೆ ಪಿಸುಮಾತು ಎಂದುಕೊಂಡು ನಾನು ಒಂದು ವಾರ ತರಗತಿಯನ್ನೆಲ್ಲ ಪಿಸುಗುಟ್ಟಿಯೇ ನಡೆಸಿದೆ. ಹಿಂದಿನ ಬೆಂಚಿಗೆ ಕೇಳುವಂತೆ ಪಿಸುಗುಟ್ಟಲು ಎಷ್ಟು ಬಿಗಿಯಬೇಕೋ ಅಷ್ಟು ಬಿಗಿದು. ಬಿಗಿದ ಪಿಸುಮಾತು ಎಷ್ಟೋ ಜನರಿಗೆ ಮೆಲುಮಾತಿಗಿಂತ ಹೆಚ್ಚು ಆಯಾಸ. ಮೆಲ್ಲಗೆ, ಹತ್ತಿರದವರಿಗೆ ಕೇಳುವಷ್ಟು ಸಹಜ ದನಿಯಲ್ಲಿ ಮಾತಾಡಿ, ಇಲ್ಲವೇ ಸುಮ್ಮನಿರಿ.

ಮಗುವಿನ ದನಿ ಒಡೆದು, ರಾತ್ರಿ ಬೊಗಳಿದಂತೆ ಕೆಮ್ಮಿ, ಉಸಿರೆಳೆದಾಗ ಕೀಚಲು ಸದ್ದು ಬಂದರೆ ಅದು ಕ್ರೂಪ್. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಲ್ಲಿ ಹೆಚ್ಚು. ಮಗುವನ್ನು ಅಳಿಸದೆ ಎತ್ತಿಕೊಂಡು ಡಾಕ್ಟರ ಬಳಿ ಹೋಗಿ, ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡಿನ ಒಂದೇ ಡೋಸ್ ಬಹುಪಾಲು ಮಕ್ಕಳಿಗೆ ಸಾಕಾಗುತ್ತದೆ.

ದೊಡ್ಡವರಿಗೆ ಇಲ್ಲಿ ಗಡುವು ಮೂರರಿಂದ ನಾಲ್ಕು ವಾರ. ಅದು ದಾಟಿದರೂ ದನಿ ಬಾರದಿದ್ದರೆ ಔಷಧಿ ಬದಲಿಸುವ ಮೊದಲು ಸ್ವರತಂತು ನೋಡಿಸಬೇಕು. ಬೀಡಿ ಸಿಗರೇಟು ಸೇದುವವರು, ಕತ್ತಿನಲ್ಲಿ ಗಂಟು ಇರುವವರು, ಕೆಮ್ಮಿದರೆ ರಕ್ತ ಬರುವವರು, ಥೈರಾಯ್ಡ್ ಆಪರೇಷನ್ ಆದವರು ಅಷ್ಟೂ ಕಾಯಬಾರದು. ನೋಡುವುದು ದೊಡ್ಡ ವಿಷಯವಲ್ಲ. ಮೂಗಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ ತೆಳ್ಳನೆಯ ಕ್ಯಾಮೆರಾ ಕೊಳವೆ ಇಳಿಸಿ, "ಈ... ಅನ್ನಿ" ಎನ್ನುತ್ತಾರೆ. ಎದುರಿನ ಪರದೆಯಲ್ಲಿ ಮುತ್ತಿನ ಬಣ್ಣದ ಎರಡು ಪಟ್ಟಿಗಳು ತೆರೆದು ಮುಚ್ಚುವುದು ಕಾಣುತ್ತದೆ. ಇದನ್ನು ಮೊದಲು ತನ್ನದೇ ಗಂಟಲಲ್ಲಿ ಚೆನ್ನಾಗಿ ಕಂಡು ವಿವರಿಸಿದವನು ಡಾಕ್ಟರಲ್ಲ, ಮ್ಯಾನುವೆಲ್ ಗಾರ್ಸಿಯಾ ಎಂಬ ಹಾಡುಗಾರಿಕೆಯ ಮೇಷ್ಟ್ರು. 1854ರಲ್ಲಿ ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿ, ಒಂದು ಕೈಗನ್ನಡಿ, ಬಿಸಿಲು, ಇಷ್ಟೇ ಅವನ ಸಲಕರಣೆ.

ನನ್ನ ಎರಡೂ ಪಟ್ಟಿಗಳ ಮೇಲೆ, ಎದುರುಬದುರಾಗಿ, ಒಂದೊಂದು ಸಾಸಿವೆಯಷ್ಟು ಉಬ್ಬು. ಅವು ಗಂಟುಗಳು, ಅಂಗೈಯ ಜಡ್ಡಿನಂಥವು, ಮೇಷ್ಟ್ರು, ಹಾಡುಗಾರರು, ಕಿರುಚಾಡುವ ಮಕ್ಕಳಿಗೆ ಬರುವಂಥವು. ಎರಡೂ ಕಡೆ ಇರುವ ಗಂಟಿಗೆ ಮೊದಲ ಆಯ್ಕೆ ದನಿಯ ಥೆರಪಿ. ಕೊಯ್ದು ತೆಗೆದರೂ ಕೂಗುವ ಅಭ್ಯಾಸ ಉಳಿದರೆ ಮತ್ತೆ ಬರುತ್ತವೆ. ಒಂದೇ ಕಡೆ ಇರುವ ಪಾಲಿಪ್ (ಮೆತ್ತನೆಯ ಉಬ್ಬು) ಒಮ್ಮೆ ಜೋರಾಗಿ ಕಿರುಚಿದ್ದರಿಂದಲೂ ಬರಬಹುದು, ಅದಕ್ಕೂ ಒಳಚೀಲದಂಥ ಸಿಸ್ಟ್‌ಗೂ ಹೆಚ್ಚಿನ ಸಲ ಸೂಕ್ಷ್ಮ ಆಪರೇಷನ್ ಬೇಕಾಗುತ್ತದೆ. ತಂತುಗಳ ಹಿಂಭಾಗದಲ್ಲಿ ಏಳುವ ಗ್ರ್ಯಾನ್ಯುಲೋಮಾ ಎಂಬ ಉಬ್ಬು ಕತ್ತರಿಸಿದಷ್ಟೂ ಬೆಳೆಯುವ ಹಟಮಾರಿ, ಅಲ್ಲಿ ಥೆರಪಿ, ಆಮ್ಲ ತಡೆಯುವ ಔಷಧಿಯೇ ಮೊದಲು. ಒಂದು ತಂತು ಅಲ್ಲಾಡದೆ ನಿಂತಿದ್ದರೆ, ಅದರಲ್ಲೂ ಎಡದ್ದಾದರೆ, ಎದೆಯನ್ನೂ ಸ್ಕ್ಯಾನ್ ಮಾಡುತ್ತಾರೆ. ಗಂಟಲ ತೊಂದರೆಗೆ ಎದೆಯೇಕೆ ಎಂದರೆ, ಎಡ ತಂತುವನ್ನು ಆಡಿಸುವ ನರ ಎದೆಗೂಡಿಗೆ ಇಳಿದು ಮಹಾಧಮನಿಯನ್ನು ಸುತ್ತಿಕೊಂಡು ಮೇಲೆ ಬರುತ್ತದೆ, ಶ್ವಾಸಕೋಶದ ಗೆಡ್ಡೆ ಮೊದಲು ದನಿಯಲ್ಲಿ ಕಾಣಿಸಿಕೊಳ್ಳಬಹುದು. ಸ್ವರತಂತುವಿನ ಕ್ಯಾನ್ಸರನ್ನು ಆರಂಭದಲ್ಲೇ ಹಿಡಿದರೆ ಲೇಸರ್ ಆಪರೇಷನ್ನಿನಿಂದಲೂ ರೇಡಿಯೇಷನ್‌ನಿಂದಲೂ ಗುಣವಾಗುವ ಪ್ರಮಾಣ ತುಂಬ ಹೆಚ್ಚು, ಹೆಚ್ಚು ಕಡಿಮೆ ಸಮಸಮ. ಲೇಸರ್ ಬೇಗ ಮುಗಿಯುತ್ತದೆ, ಮತ್ತೆ ಬೇಕಾದರೆ ಮತ್ತೆ ಮಾಡಬಹುದು. ರೇಡಿಯೇಷನ್‌ಗೆ ಹಲವು ವಾರ ಓಡಾಡಬೇಕು, ಅದೇ ಜಾಗಕ್ಕೆ ಎರಡನೇ ಸಲ ಕೊಡುವುದು ಕಷ್ಟ. ಆದರೆ ಗೆಡ್ಡೆ ಆಳಕ್ಕಿಳಿದಿದ್ದರೆ ದನಿ ಹೆಚ್ಚು ಉಳಿಯುವುದು ಅದರಲ್ಲೇ ಇರಬಹುದು. ಎಷ್ಟು ಕೊಯ್ಯಬೇಕಾದೀತು ಎಂದು ಕೇಳಿದ ಮೇಲೆಯೇ ಇದನ್ನು ತೀರ್ಮಾನಿಸಬೇಕು.

ದನಿ ಕೂತಿದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ ಎಂದರೆ ಎಷ್ಟೋ ಕಡೆ ನೋಡದೆಯೇ ಆಸಿಡಿಟಿ ಮಾತ್ರೆ ಬರೆಯುತ್ತಾರೆ. 2021ರ ಬ್ರಿಟಿಷ್ ಪ್ರಯೋಗವೊಂದರಲ್ಲಿ ಇಂಥ 346 ಜನರಿಗೆ 16 ವಾರ ಲ್ಯಾನ್ಸೊಪ್ರಜೋಲ್ ಅಥವಾ ಹುಸಿಮಾತ್ರೆ ಕೊಟ್ಟು ನೋಡಿದರು. ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ. ಎದೆಯುರಿ, ಹುಳಿತೇಗು ಇದ್ದರೆ ಆ ಮಾತ್ರೆಗೆ ಅರ್ಥವಿದೆ. ಅಸ್ತಮಾಕ್ಕೆ ಎಳೆಯುವ ಸ್ಟಿರಾಯ್ಡ್ ಇನ್ಹೇಲರಿನಿಂದಲೂ ದನಿ ಕೂರುವುದುಂಟು, ಅಂಥವರು ಆ ಮಾತ್ರೆಗೂ ಮೊದಲು ಇನ್ಹೇಲರಿಗೆ ಸ್ಪೇಸರ್ ಎಂಬ ಕೊಳವೆ ಹಾಕಿಕೊಂಡು, ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ ನೋಡಲಿ.

ನನಗೆ ಕೊಟ್ಟ ಥೆರಪಿ ಕೇಳಿ ಮೊದಲು ನಗು ಬಂದಿತ್ತು. ಅರ್ಧ ಲೋಟ ನೀರು, ಒಂದು ಸ್ಟ್ರಾ. ಸ್ಟ್ರಾದ ತುದಿ ನೀರಿನಲ್ಲಿ ಎರಡು ಬೆರಳು ಮುಳುಗಿಸಿ, "ಊ" ಎಂದು ದನಿ ಹೊರಡಿಸುತ್ತ ಗುಳ್ಳೆ ಎಬ್ಬಿಸಬೇಕು, ಕೆಳಗಿನ ಸ್ವರದಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ. ನೀರಿನ ಎದುರೊತ್ತಡದಿಂದ ತಂತುಗಳು ಬಿಗಿದು ಬಡಿದುಕೊಳ್ಳದೆ ಮೆದುವಾಗಿ ತಾಗುತ್ತವೆ. ದಿನಕ್ಕೆ ಐದಾರು ಸಲ, ಸಲಕ್ಕೆ ಎರಡು ಮೂರು ನಿಮಿಷ. ಜೊತೆಗೆ ತರಗತಿಯಲ್ಲಿ ಮೈಕು, ಗದ್ದಲವಾದಾಗ ಕೂಗುವ ಬದಲು ಮೇಜಿನ ಮೇಲೆ ಡಸ್ಟರ್ ತಟ್ಟುವುದು. ಮೂರು ತಿಂಗಳ ಮೇಲೆ ಮತ್ತೆ ಕೊಳವೆ ಇಳಿಸಿದಾಗ ಬಲಗಡೆಯ ಉಬ್ಬು ಕಾಣಲಿಲ್ಲ. ಎಡದ್ದು ಇನ್ನೂ ಚೂರು ಇದೆ, ಲೋಟ ಮತ್ತು ಸ್ಟ್ರಾ ಸ್ಟಾಫ್ ರೂಮಿನ ನನ್ನ ಕಪಾಟಿನಲ್ಲೇ ಇವೆ.